23 ಮೀಟರಿನ ಲೆಕ್ಕ: ಯೆಲ್ಲೊಸ್ಟೋನಿಗೆ ಗೈಡ್ ಯಾಕೆ ಬೇಕು?

ಈ ಸಂಚಿಕೆ ಶುರುವಾಗಿದ್ದು ಒಂದು ಇಮೇಲ್‌ನಿಂದ. ಟೆಕ್ಸಾಸ್‌ನಲ್ಲಿರುವ ಕೇಳುಗರೊಬ್ಬರು ಬರೆದಿದ್ದರು. ಜೂನ್‌ನಲ್ಲಿ ಊರಿಂದ ಅಪ್ಪ-ಅಮ್ಮ ಬರ್ತಿದ್ದಾರೆ. ಅಪ್ಪನಿಗೆ ಮಂಡಿನೋವು, ಅಮ್ಮನಿಗೆ ಬಿ.ಪಿ., ಮನೆಯಲ್ಲಿ ಏಳು ವರ್ಷದ ಮಗಳು. ಎಲ್ಲರನ್ನೂ ಯೆಲ್ಲೊಸ್ಟೋನ್‌ಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ನಿಮ್ಮ ಮನೆಯವರಿಗೆ ತಕ್ಕ ಹಾಗೆ ಪ್ರವಾಸ ಹೊಂದಿಸಿ ಕೊಡ್ತೀವಿ ಅನ್ನುವ ಗೈಡ್‌ಗಳಿದ್ದಾರೆ, ಆದರೆ ದುಬಾರಿ. ಕಾರು ನಮ್ಮದೇ ಇದೆ, ರಸ್ತೆ ಚೆನ್ನಾಗಿದೆ, ಪ್ರಾಣಿಗಳು ರಸ್ತೆ ಪಕ್ಕದಲ್ಲೇ ನಿಂತಿರ್ತವಂತೆ. ಹಾಗಿರುವಾಗ ಗೈಡ್‌ಗೆ ದುಡ್ಡು ಕೊಡೋದು ಯಾತಕ್ಕೆ?

ನ್ಯಾಯವಾದ ಪ್ರಶ್ನೆ. ಉತ್ತರ ಕೊಡುವ ಮೊದಲು ನಮ್ಮ ಫೋನಿನಲ್ಲಿರುವ ಒಂದು ಫೋಟೊದ ಬಗ್ಗೆ ಹೇಳಬೇಕು.

ಅಮೆರಿಕಕ್ಕೆ ಬಂದ ಮೊದಲನೇ ಬೇಸಿಗೆ. ನಾವು ನಾಲ್ಕು ಜನ ಪಿಎಚ್‌ಡಿ ವಿದ್ಯಾರ್ಥಿಗಳು ಬಾಡಿಗೆ ಕಾರಿನಲ್ಲಿ ಯೆಲ್ಲೊಸ್ಟೋನ್‌ಗೆ ಹೋಗಿದ್ದೆವು. ನಾಲ್ಕೂ ಜನ ಜೀವಶಾಸ್ತ್ರದವರೇ, ಆದರೆ ನಮ್ಮ ಜೀವಿಗಳೆಲ್ಲ ಲ್ಯಾಬ್‌ನ ತಟ್ಟೆಯಲ್ಲಿ ಬೆಳೆಯುವಂಥವು. ರಸ್ತೆ ಪಕ್ಕದಲ್ಲಿ ಒಂದು ಗಂಡು ಬೈಸನ್ ಮೇಯುತ್ತಾ ನಿಂತಿತ್ತು. ಕಾರು ನಿಲ್ಲಿಸಿದೆವು, ಇಳಿದೆವು, ಒಬ್ಬೊಬ್ಬರಾಗಿ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ಹತ್ತು ಹನ್ನೆರಡು ಹೆಜ್ಜೆ ದೂರ ಇದ್ದಿರಬಹುದು. ಏನೂ ಆಗಲಿಲ್ಲ. ವಾಪಸ್ ಕಾರು ಹತ್ತಿ, ಎಷ್ಟು ಸಾಧು ಪ್ರಾಣಿ ಅಂತ ಮಾತಾಡಿಕೊಂಡು ಬಂದೆವು. ಮೂರು ನಾಲ್ಕು ವರ್ಷ ಆದ ಮೇಲೆ, ಬೈಸನ್ ಕೆರಳಿದಾಗ ಮೊದಲು ಬಾಲ ಎತ್ತುತ್ತದೆ ಅನ್ನುವುದು ಗೊತ್ತಾದಾಗ ಆ ಫೋಟೊ ಮತ್ತೆ ತೆಗೆದು ನೋಡಿದೆವು. ನಮ್ಮ ಗೆಳೆಯ ಎರಡು ಬೆರಳು ಎತ್ತಿ ನಗ್ತಿದ್ದಾನೆ. ಹಿಂದೆ ಬೈಸನ್ನಿನ ಬಾಲ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಮೇಲೆದ್ದಿದೆ.

ಬೈಸನ್ ಅಂದ ಕೂಡಲೇ ಕೊಡಗು, ಚಿಕ್ಕಮಗಳೂರು ಕಡೆಯವರಿಗೆ ಗೊಂದಲ ಆಗಬಹುದು. ಕಾಫಿ ತೋಟದ ಕಡೆ ನಮ್ಮ ಕಾಟಿಯನ್ನೂ ಬೈಸನ್ ಅಂತಲೇ ಕರೆಯುವ ರೂಢಿ ಇದೆ. ಎರಡೂ ಒಂದೇ ಕುಟುಂಬದವು, ಆದರೆ ಬೇರೆ ಬೇರೆ ಪ್ರಾಣಿಗಳು. ಕಾಟಿ ಕಾಡಿನದು, ನಾಚಿಕೆ ಸ್ವಭಾವದ್ದು, ಮನುಷ್ಯರ ವಾಸನೆ ಬಂದರೆ ಸಾಮಾನ್ಯವಾಗಿ ಪೊದೆ ಸೇರುತ್ತದೆ. ಅಮೆರಿಕದ ಬೈಸನ್ ಬಯಲಿನ ಪ್ರಾಣಿ. ಅಡಗಲು ಜಾಗವಿಲ್ಲದ ಕಡೆ ಬದುಕಿದ ಪ್ರಾಣಿ ಅನೇಕ ಸಲ ಓಡುವುದಿಲ್ಲ, ನಿಂತು ಎದುರಿಸುತ್ತದೆ. ದೊಡ್ಡ ಗಂಡು 900 ಕಿಲೊ ತೂಗಬಲ್ಲದು, ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಓಡಬಲ್ಲದು. ಯೆಲ್ಲೊಸ್ಟೋನ್‌ನಲ್ಲಿ ಜನರಿಗೆ ಅತಿ ಹೆಚ್ಚು ಗಾಯ ಮಾಡಿರುವ ಪ್ರಾಣಿ ಕರಡಿ ಅಲ್ಲ, ತೋಳ ಅಂತೂ ಅಲ್ಲವೇ ಅಲ್ಲ, ಇದೇ ಬೈಸನ್. 2015ರ ಬೇಸಿಗೆಯಲ್ಲಿ ಐದು ಜನರಿಗೆ ಏಟು ಬಿತ್ತು. ಅದರಲ್ಲಿ ಮೂವರು ಮೂರರಿಂದ ಆರು ಅಡಿ ದೂರದಲ್ಲಿ ಫೋಟೊ ತೆಗೆಯುತ್ತಿದ್ದರು. ಆರು ಅಡಿ ಅಂದರೆ ನಮ್ಮ ಅಡುಗೆಮನೆ ಕಟ್ಟೆಯಿಂದ ಫ್ರಿಜ್‌ಗೆ ಇರುವಷ್ಟು ದೂರ!

ಹಾಗಾಗಿ ಪಾರ್ಕಿನ ನಿಯಮ ಇದು: ಕರಡಿ ಮತ್ತು ತೋಳದಿಂದ 100 ಗಜ, ಅಂದರೆ 91 ಮೀಟರ್. ಬೈಸನ್, ಎಲ್ಕ್ ಮುಂತಾದ ಪ್ರಾಣಿಗಳಿಂದ 25 ಗಜ, ಅಂದರೆ 23 ಮೀಟರ್. ಪ್ರಾಣಿಯೇ ನಿಮ್ಮ ಕಡೆ ಬಂದರೆ ಹಿಂದೆ ಸರಿಯಬೇಕಾದವರು ನೀವು.

ಈ 23 ಮೀಟರಿನ ಲೆಕ್ಕ ಒಮ್ಮೆ ಹಾಕಿ ನೋಡೋಣ. ಗಂಟೆಗೆ 55 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 15 ಮೀಟರ್. ಪೂರ್ತಿ ವೇಗ ಹಿಡಿದ ಬೈಸನ್‌ಗೆ 23 ಮೀಟರ್ ದಾಟಲು ಒಂದೂವರೆ ಸೆಕೆಂಡ್ ಸಾಕು. ನಿಂತಲ್ಲಿಂದ ಹೊರಟರೆ ಇನ್ನೊಂದೆರಡು ಸೆಕೆಂಡ್ ಜಾಸ್ತಿ ಅಂತ ಇಟ್ಟುಕೊಳ್ಳಿ. ಮಂಡಿನೋವಿನ ಅಪ್ಪ ಬಿಡಿ, ನಾವೇ ಅಷ್ಟರಲ್ಲಿ ಕಾರಿನ ಬಾಗಿಲು ತೆಗೆಯೋಕಾಗಲ್ಲ. ಅಂದರೆ ಈ ದೂರ ಓಡಿ ತಪ್ಪಿಸಿಕೊಳ್ಳುವುದಕ್ಕೆ ಇಟ್ಟಿದ್ದಲ್ಲ. ಪ್ರಾಣಿ ಕೆರಳಲೇಬಾರದು ಅಂತ ಇಟ್ಟ ದೂರ.

ಇಲ್ಲಿಂದ ವಿಜ್ಞಾನ ಶುರುವಾಗುತ್ತದೆ. ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಮೃಗಾಲಯಗಳಲ್ಲಿ ಕೆಲಸ ಮಾಡುತ್ತಾ ಒಂದು ವಿಷಯ ಗಮನಿಸಿದರು. ಪ್ರತಿ ಪ್ರಾಣಿಗೂ ತನ್ನ ಸುತ್ತ ಕಾಣದ ಒಂದು ಗೆರೆ ಇರುತ್ತದೆ. ಶತ್ರು ಆ ಗೆರೆ ದಾಟಿದರೆ ಪ್ರಾಣಿ ಓಡುತ್ತದೆ. ಇದನ್ನು ಪಲಾಯನ ದೂರ ಅಂತ ಕರೆಯೋಣ. ಇನ್ನೂ ಒಳಗೆ ಮತ್ತೊಂದು ಗೆರೆ. ಅಲ್ಲಿಗೆ ಬಂದರೆ ಓಡಲು ಸಮಯವಿಲ್ಲ ಅಂತ ತೀರ್ಮಾನಿಸಿ ಪ್ರಾಣಿ ಮೇಲೆ ಬೀಳುತ್ತದೆ. 1986ರಲ್ಲಿ ರಾನ್ ಯೀಡೆನ್‌ಬರ್ಗ್ ಮತ್ತು ಲಾರೆನ್ಸ್ ಡಿಲ್ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಪ್ರಾಣಿ ಶತ್ರುವನ್ನು ಕಂಡ ತಕ್ಷಣ ಓಡುವುದಿಲ್ಲ, ಲೆಕ್ಕ ಹಾಕುತ್ತದೆ ಅಂತ. ಓಡಿದರೆ ಖರ್ಚು: ಮೇವು ಬಿಡಬೇಕು, ಶಕ್ತಿ ಹೋಗುತ್ತದೆ, ಮರಿ ಹಿಂದೆ ಉಳಿಯಬಹುದು. ನಿಂತರೆ ಅಪಾಯ. ಎರಡೂ ಸಮ ಆದಾಗ ಹೊರಡುತ್ತದೆ. ಅಂದರೆ ಕಾಡುಪ್ರಾಣಿ ಓಡದೆ ನಿಂತಿದೆ ಅಂದ ಮಾತ್ರಕ್ಕೆ ಅದಕ್ಕೆ ನಿಮ್ಮಿಂದ ತೊಂದರೆ ಇಲ್ಲ ಅಂತಲ್ಲ. ಓಡುವುದು ಇನ್ನೂ ದುಬಾರಿ ಅಂತ ಸಹಿಸಿಕೊಂಡು ನಿಂತಿರಬಹುದು. ಹಿಮಗಾಲ ಕಳೆದು ಎಲುಬು ಕಾಣುವಷ್ಟು ಸೊರಗಿದ ಎಲ್ಕ್ ಜಿಂಕೆ ನಿಮ್ಮನ್ನು ಕಂಡೂ ಸುಮ್ಮನೆ ಮೇಯುತ್ತಿದೆ ಅಂದರೆ ಅದು ಸಾಧು ಅಂತಲ್ಲ. ಓಡಲು ಕೈಲಿ ಕಾಸಿಲ್ಲ, ಅಷ್ಟೆ.

ನಿಮ್ಮ ಕಣ್ಣು ಯಾವ ಕಡೆ ಇದೆ, ನೇರವಾಗಿ ಬರ್ತಿದ್ದೀರೋ ಓರೆಯಾಗಿ ಹೋಗ್ತಿದ್ದೀರೋ, ಎಷ್ಟು ವೇಗ, ಎಷ್ಟು ಜನ, ಅದರ ಹಿಂದೆ ತಪ್ಪಿಸಿಕೊಳ್ಳಲು ದಾರಿ ಇದೆಯೋ ಇಲ್ಲವೋ, ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತದೆ. ಅದಕ್ಕೇ ಗೆರೆ ದಿನಕ್ಕೊಂದು ಥರ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬೈಸನ್‌ಗಳ ಬೆದೆಗಾಲ. ಆಗ ಗಂಡುಗಳಿಗೆ 23 ಮೀಟರ್ ಕೂಡ ಸಾಲದು. ಬೋರ್ಡಿನ ಮೇಲಿರುವುದು ಒಂದು ಸಂಖ್ಯೆ. ಪ್ರಾಣಿ ಹೇಳುವುದು ಇನ್ನೊಂದು. ಆ ಇನ್ನೊಂದನ್ನು ಓದಬಲ್ಲವರು ಗೈಡ್. ನಾವು ಅವರಿಗೆ ದುಡ್ಡು ಕೊಡೋದು ಇದಕ್ಕೆ.

ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿದವರಿಗೆ ಇಲ್ಲೊಂದು ವ್ಯತ್ಯಾಸ ಗೊತ್ತಾಗಬೇಕು. ಅಲ್ಲಿ ಸಫಾರಿ ವಾಹನದಿಂದ ಇಳಿಯೋ ಹಾಗೇ ಇಲ್ಲ. ದೂರ ಎಷ್ಟಿರಬೇಕು ಅನ್ನೋದನ್ನ ಜೀಪು ಮತ್ತು ಡ್ರೈವರ್ ತೀರ್ಮಾನ ಮಾಡಿಬಿಡ್ತಾರೆ. ಯೆಲ್ಲೊಸ್ಟೋನ್‌ನಲ್ಲಿ ಜೀಪೂ ಇಲ್ಲ, ಬೇಲಿಯೂ ಇಲ್ಲ. ರಸ್ತೆ ಪಕ್ಕದ ನಿಗದಿತ ಜಾಗದಲ್ಲಿ ಕಾರು ನಿಲ್ಲಿಸಿ ಅನೇಕ ಕಡೆ ಹುಲ್ಲುಗಾವಲಿನಲ್ಲಿ ನಡೆದು ಹೋಗಬಹುದು. ಸ್ವಾತಂತ್ರ್ಯ ಜಾಸ್ತಿ, ಹಾಗಾಗಿ ತೀರ್ಮಾನವೂ ನಮ್ಮ ತಲೆ ಮೇಲೆ. ಊರಿಂದ ಬಂದ ಹಿರಿಯರು ಸಾಮಾನ್ಯವಾಗಿ ಅಂದುಕೊಳ್ಳೋದು, ಇಳಿಯಲು ಬಿಟ್ಟಿದ್ದಾರೆ ಅಂದರೆ ಅಪಾಯವಿಲ್ಲ ಅಂತ.

ಹತ್ತಿರ ಹೋದರೆ ನಮಗೆ ಅಪಾಯ ಅನ್ನೋದು ಅರ್ಧ ಕಥೆ. ಇನ್ನರ್ಧ ಪ್ರಾಣಿಯದು, ಮತ್ತು ನಮಗೆ ಕೇಳಿದರೆ ಅದೇ ಹೆಚ್ಚು ಮುಖ್ಯ.

2023ರ ಮೇ ತಿಂಗಳಲ್ಲಿ ಲಾಮಾರ್ ಕಣಿವೆಯಲ್ಲಿ ಬೈಸನ್ ಹಿಂಡೊಂದು ನದಿ ದಾಟುತ್ತಿತ್ತು. ಆಗಷ್ಟೇ ಹುಟ್ಟಿದ ಕರುವೊಂದು ತಾಯಿಯಿಂದ ತಪ್ಪಿಸಿಕೊಂಡು ನೀರಿನಂಚಿನಲ್ಲಿ ಒದ್ದಾಡುತ್ತಿತ್ತು. ಒಬ್ಬ ಪ್ರವಾಸಿಗ ಮನಸ್ಸು ತಡೆಯಲಾರದೆ ಹೋಗಿ ಕರುವನ್ನು ಮೇಲಕ್ಕೆ ತಳ್ಳಿದ. ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಹಿಂಡು ಕರುವನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಸಿಬ್ಬಂದಿ ಹಲವು ಸಲ ಪ್ರಯತ್ನಪಟ್ಟರು, ಆಗಲಿಲ್ಲ. ಕರು ರಸ್ತೆಗೆ ಬಂದು ಕಾರುಗಳ ಹಿಂದೆ, ಜನರ ಹಿಂದೆ ಹೋಗಲು ಶುರು ಮಾಡಿತು. ಕೊನೆಗೆ ಪಾರ್ಕಿನವರು ಅದಕ್ಕೆ ದಯಾಮರಣ ಕೊಟ್ಟರು. ಆ ಮನುಷ್ಯನಿಗೆ ದಂಡ ಬಿತ್ತು. 2016ರಲ್ಲಿ, ಚಳಿಯಾಗ್ತಿದೆ ಪಾಪ ಅಂತ ಕರುವೊಂದನ್ನು ಕಾರಿಗೆ ಹತ್ತಿಸಿಕೊಂಡವರ ಕಥೆಯೂ ಹೀಗೇ ಮುಗಿದಿತ್ತು. ನಮ್ಮ ಕೊಟ್ಟಿಗೆಯ ಕರುವನ್ನು ಎತ್ತಿ ತಾಯಿಯ ಹತ್ತಿರ ಬಿಟ್ಟು ಅಭ್ಯಾಸ ಇರುವವರಿಗೆ ಇದು ಒಪ್ಪಿಕೊಳ್ಳಲು ಕಷ್ಟ. ನಮ್ಮ ಅಮ್ಮ ಇದನ್ನು ಕೇಳಿ ಎರಡು ದಿನ ಬೇಜಾರು ಮಾಡಿಕೊಂಡಿದ್ದರು.

ಇನ್ನೊಂದು ನಿಧಾನವಾದ ಹಾನಿ ಇದೆ. ಅದು ಒಗ್ಗಿಹೋಗುವುದು. ಒಂದೇ ಪ್ರಚೋದನೆ ಮತ್ತೆ ಮತ್ತೆ ಬಂದು ಕೆಡುಕು ಏನೂ ಆಗದಿದ್ದರೆ ನರಮಂಡಲ ಅದಕ್ಕೆ ಪ್ರತಿಕ್ರಿಯೆ ಕೊಡುವುದನ್ನೇ ಕಡಿಮೆ ಮಾಡುತ್ತದೆ. ರೈಲ್ವೆ ಹಳಿ ಪಕ್ಕದ ಮನೆಯವರಿಗೆ ರೈಲು ಕೇಳಿಸದ ಹಾಗೆ. ಯೆಲ್ಲೊಸ್ಟೋನ್‌ನ ತೋಳಗಳ ವಿಷಯಕ್ಕೆ ಬನ್ನಿ. 1926ರ ಹೊತ್ತಿಗೆ ಪಾರ್ಕಿನಲ್ಲಿ ತೋಳಗಳನ್ನು ಕೊಂದು ಮುಗಿಸಿದ್ದರು. 1995ರಲ್ಲಿ ಕೆನಡಾದ ಆಲ್ಬರ್ಟಾದಿಂದ 14, 1996ರಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ 17 ತೋಳಗಳನ್ನು ತಂದು ಬಿಟ್ಟರು. ಇವತ್ತು ಜಗತ್ತಿನಲ್ಲಿ ಕಾಡು ತೋಳ ನೋಡಲು ಲಾಮಾರ್‌ನಷ್ಟು ಒಳ್ಳೆಯ ಜಾಗಗಳು ಕಡಿಮೆ. ಆದರೆ ಪಾರ್ಕಿನ ಗಡಿ ತೋಳಕ್ಕೆ ಗೊತ್ತಿಲ್ಲ. ಗಡಿಯಾಚೆ ಬೇಟೆಗೆ ಅನುಮತಿ ಇದೆ. 832ಎಫ್ ಎಂಬ ಹೆಣ್ಣು ತೋಳ ಸಾವಿರಾರು ಜನ ನೋಡಿ ಮೆಚ್ಚಿದ್ದ ಪ್ರಾಣಿ. 2012ರ ಡಿಸೆಂಬರಿನಲ್ಲಿ ಗಡಿ ದಾಟಿದಾಗ ಗುಂಡಿಗೆ ಬಲಿಯಾಯಿತು. ಅದರ ಮಗಳು 926ಎಫ್ 2018ರ ನವೆಂಬರಿನಲ್ಲಿ ಹಾಗೇ ಹೋಯಿತು. ಪಾರ್ಕಿನೊಳಗೆ ಕ್ಯಾಮೆರಾ ಹಿಡಿದವರು, ಹೊರಗೆ ಬಂದೂಕು ಹಿಡಿದವರು. ಎರಡು ಕಾಲಿನ ಮೇಲೆ ನಿಂತಿರುವ ಪ್ರಾಣಿ ಅಂದರೆ ನಿರುಪದ್ರವಿ ಅಂತ ಒಳಗೆ ಕಲಿತ ತೋಳಕ್ಕೆ ಹೊರಗೆ ಆ ಪಾಠವೇ ಮುಳುವಾಗಬಹುದು. ಹಾಗಾಗಿ ಒಳ್ಳೆಯ ಗೈಡ್ ತೋಳ ರಸ್ತೆ ದಾಟುವ ಸೂಚನೆ ಕಂಡರೆ ತನ್ನ ಗುಂಪನ್ನು ಹಿಂದಕ್ಕೆ ಕರೆದೊಯ್ದು ದಾರಿ ಬಿಡಿಸುತ್ತಾರೆ. ಜೀವನದಲ್ಲಿ ಒಂದೇ ಸಲ ಸಿಗುವ ಫೋಟೊ ಆಗಲೇ ತಪ್ಪಿಹೋಗೋದು, ಬೈಕೊಳ್ಳಬೇಡಿ.

ಹಾಗಾದರೆ ದೂರದಿಂದ ನೋಡೋದು ಹೇಗೆ? ಮೊದಲು ಹುಡುಕಬೇಕು. ಮುಸುವ ಕೂಗಿತು, ಚುಕ್ಕೆ ಜಿಂಕೆ ಕೂಗಿತು, ಆ ಕಡೆ ಹುಲಿಯೋ ಚಿರತೆಯೋ ಇದೆ ಅಂತ ನಾಗರಹೊಳೆಯಲ್ಲಿ ಹೇಳ್ತಾರಲ್ಲ, ಇಲ್ಲಿ ಆ ಕೆಲಸ ರೇವನ್‌ಗಳದ್ದು. ನಮ್ಮ ಕಾಡುಕಾಗೆಗಿಂತ ದೊಡ್ಡ, ಕಡುಗಪ್ಪು ಹಕ್ಕಿ. ಚಳಿಗಾಲದಲ್ಲಿ ರೇವನ್‌ಗಳು ತೋಳದ ಗುಂಪಿನ ಜೊತೆಜೊತೆಗೇ ಹೋಗುತ್ತವೆ, ಬೇಟೆ ಬಿದ್ದ ಕೂಡಲೇ ಪಾಲು ತಿನ್ನಲು. ಡ್ಯಾನ್ ಸ್ಟಾಲರ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ದಾಖಲಿಸಿದರು. ಗೈಡ್ ಬೆಳಗಿನ ಐದೂವರೆಗೆ ಆಕಾಶ ನೋಡ್ತಾ ನಿಂತಿದ್ದರೆ ಹವಾಮಾನ ನೋಡ್ತಿದ್ದಾರೆ ಅಂದುಕೊಳ್ಳಬೇಡಿ, ರೇವನ್ ಎಲ್ಲಿ ಇಳೀತಿವೆ ಅಂತ ನೋಡ್ತಿರ್ತಾರೆ. ಅಂದಹಾಗೆ ಇದೇ ರೇವನ್‌ಗಳು ಸ್ನೋಮೊಬೈಲ್‌ಗಳ ಬ್ಯಾಗಿನ ಜಿಪ್ ಎಳೆದು ತೆಗೆಯುವುದನ್ನೂ ಕಲಿತಿವೆ. ಚಟ್ನಿಪುಡಿ ಚಪಾತಿ ಜೋಪಾನ.

ಸಿಕ್ಕ ಮೇಲೆ ಸ್ಪಾಟಿಂಗ್ ಸ್ಕೋಪ್. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸುವ ದುರ್ಬೀನು. 40 ಪಟ್ಟು ದೊಡ್ಡದು ಮಾಡುವ ಸ್ಕೋಪಿನಲ್ಲಿ 1,200 ಮೀಟರ್ ದೂರದ ತೋಳ 30 ಮೀಟರಿನಲ್ಲಿದ್ದಂತೆ ಕಾಣುತ್ತದೆ. ನೀವು ಅದರ ಗೆರೆಯೊಳಗೆ ಕಾಲಿಡದೆ ಕಣ್ಣು ಮಾತ್ರ ಇಟ್ಟ ಹಾಗೆ. ಹತ್ತು ಗಂಟೆಯಾದ ಮೇಲೆ ಬಿಸಿಲಿಗೆ ನೆಲದ ಗಾಳಿ ಕುದಿದಂತಾಗಿ ಚಿತ್ರ ನಡುಗುತ್ತದೆ, ಆಗ ಎಂಥ ಸ್ಕೋಪೂ ಪ್ರಯೋಜನವಿಲ್ಲ. ನಾಲ್ಕು ಗಂಟೆಗೆ ಎಬ್ಬಿಸುವುದಕ್ಕೆ ಇದೂ ಒಂದು ಕಾರಣ. ಜೂನ್‌ನಲ್ಲೂ ಆ ಹೊತ್ತಿಗೆ ಸ್ವೆಟರ್, ಟೋಪಿ ಬೇಕು.

ಸ್ಕೋಪ್ ಇಲ್ಲದವರಿಗೆ ಒಂದು ಹೆಬ್ಬೆರಳಿನ ಉಪಾಯ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಪ್ರಾಣಿಯ ಮೇಲೆ ಹಿಡಿಯಿರಿ. ಪ್ರಾಣಿ ಪೂರ್ತಿ ಮರೆಯಾದರೆ ದೂರ ಸಾಕು. ಹೆಬ್ಬೆರಳ ಅಗಲ ಸುಮಾರು 2 ಸೆಂ.ಮೀ., ಕಣ್ಣಿನಿಂದ ಸುಮಾರು 60 ಸೆಂ.ಮೀ., ಅಂದರೆ ಮೂವತ್ತರಲ್ಲಿ ಒಂದು ಪಾಲು. ಎರಡು ಮೀಟರ್ ಉದ್ದದ ಕರಡಿ ಇದರ ಹಿಂದೆ ಅಡಗಬೇಕಾದರೆ 60 ಮೀಟರ್ ಆಚೆ ಇರಬೇಕು, ಮೂರು ಮೀಟರಿನ ಬೈಸನ್ 90 ಮೀಟರ್. ಕರಡಿಗೆ ನಿಯಮದ 91 ಮೀಟರಿಗಿಂತ ಕಡಿಮೆ ಬರುತ್ತದೆ ಅನ್ನೋದು ನೆನಪಿರಲಿ. ಹೆಬ್ಬೆರಳು ಅಂದಾಜಿಗೆ ಮಾತ್ರ. ಆ ಏಳು ವರ್ಷದ ಮಗಳಿಗೆ ಇದನ್ನು ಕಲಿಸಿ, ಅವಳೇ ಇಡೀ ದಿನ ಎಲ್ಲರನ್ನೂ ಹಿಂದಕ್ಕೆ ಕಳಿಸ್ತಾಳೆ.

ಈಗ ಕೇಳುಗರ ಮನೆಯ ವಿಷಯ. ಹೊಂದಿಸಿ ಕೊಡುವ ಪ್ರವಾಸ ಅಂದರೆ ಮುಖ್ಯವಾಗಿ ಎರಡು ಹೊಂದಿಕೆ: ದೇಹದ್ದು, ಅನುಭವದ್ದು. ದೇಹಕ್ಕೆ ಮೊದಲು ಎತ್ತರ. ಲಾಮಾರ್ ಕಣಿವೆಯ ನೆಲವೇ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಮೇಲೆ. ಪಾರ್ಕಿನ ಬಹುಪಾಲು ಇನ್ನೂ ಎತ್ತರ. ಮೊದಲ ದಿನ ಮೆಟ್ಟಿಲು ಹತ್ತಿದರೂ ಉಸಿರು ಕಟ್ಟಬಹುದು. ಬಿ.ಪಿ. ಇರುವ ಅಮ್ಮನ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿ, ಮೊದಲ ದಿನ ಕೆಲಸ ಕಡಿಮೆ ಇಡಿ, ನೀರು ಜಾಸ್ತಿ ಕುಡಿಸಿ. ಮಂಡಿನೋವಿನವರಿಗೆ ಲಾಮಾರ್ ಒಂದು ವರ. ರಸ್ತೆ ಪಕ್ಕದಲ್ಲೇ ಮಡಚುವ ಕುರ್ಚಿ ಹಾಕಿ, ಸ್ಕೋಪನ್ನು ಕೂತವರ ಎತ್ತರಕ್ಕೆ ಇಳಿಸಿ ಕೊಡ್ತಾರೆ. ಶೌಚಾಲಯ ಎಲ್ಲೆಲ್ಲಿದೆ ಅಂತ ಗೈಡ್‌ಗೆ ಬಾಯಿಪಾಠ ಇರುತ್ತದೆ. ಇದು ಸಣ್ಣ ವಿಷಯ ಅಲ್ಲ, ಸಕ್ಕರೆ ಕಾಯಿಲೆ ಇರುವ ಹಿರಿಯರ ಜೊತೆ ಪ್ರಯಾಣ ಮಾಡಿದವರಿಗೆ ಗೊತ್ತು.

ನಡೆಯಬಲ್ಲವರು ಅರ್ಧ ದಿನ ಕಾಲುದಾರಿಗೆ ಹೋಗಬಹುದು. ಆಗ ಮೂರು ಅಥವಾ ಹೆಚ್ಚು ಜನ ಒಟ್ಟಿಗೆ ಇರಬೇಕು, ಮಾತಾಡ್ತಾ ಹೋಗಬೇಕು, ಕರಡಿ ಸ್ಪ್ರೇ ಸೊಂಟದಲ್ಲಿರಬೇಕು, ಬ್ಯಾಗಿನೊಳಗೆ ಅಲ್ಲ. ಈ ಸ್ಪ್ರೇಯಲ್ಲಿರುವುದು ನಮ್ಮ ಮೆಣಸಿನಕಾಯಿಯ ಖಾರವೇ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮುಂತಾದವರು ಅಲಾಸ್ಕಾದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂದು ಕರಡಿಗಳ ವಿರುದ್ಧ ಬಳಸಿದಾಗ 92% ಸಲ ಅವು ತಮ್ಮ ಕೆಲಸ ನಿಲ್ಲಿಸಿದ್ದವು. ಎದುರಿಗಿರುವ ಕರಡಿಯ ಮುಖಕ್ಕೆ ಮೋಡದ ಹಾಗೆ ಬಿಡಬೇಕು. ಓಡೋಮಾಸ್ ಥರ ಮೈಗೆ ಹಚ್ಚಿಕೊಳ್ಳುವಂಥದ್ದಲ್ಲ, ನಗಬೇಡಿ, ಹಾಗೆ ಮಾಡಿದವರಿದ್ದಾರೆ! ವಿಮಾನದಲ್ಲಿ ತರೋ ಹಾಗಿಲ್ಲ, ಅಲ್ಲೇ ಕೊಳ್ಳಬೇಕು. ಟೆಂಟ್ ಹಾಕಿ ಎರಡು ಮೂರು ರಾತ್ರಿ ಒಳಗೆ ಉಳಿಯುವುದು ಅನುಭವ ಇದ್ದವರಿಗೆ, ಅಥವಾ ಅನುಭವ ಇದ್ದವರ ಜೊತೆ. ಅಲ್ಲಿ ಮಲಗುವ ಜಾಗ ಬೇರೆ, ಅಡುಗೆ ಜಾಗ ಬೇರೆ, ಟೂತ್‌ಪೇಸ್ಟ್ ಕೂಡ ಊಟದ ಜೊತೆ ಮೇಲೆ ತೂಗುಹಾಕಬೇಕು. ಈ ಕಟ್ಟುನಿಟ್ಟಿಗೆ ಇತಿಹಾಸವಿದೆ. 1931ರಿಂದ 1969ರವರೆಗೆ, ಕರಡಿಗಳು ರಸ್ತೆಯಲ್ಲಿ ತಿಂಡಿ ಬೇಡುತ್ತಾ ಕಸದ ಗುಂಡಿಗಳಲ್ಲಿ ಉಣ್ಣುತ್ತಾ ಇದ್ದ ಕಾಲದಲ್ಲಿ, ವರ್ಷಕ್ಕೆ ಸರಾಸರಿ 48 ಜನರಿಗೆ ಅವುಗಳಿಂದ ಗಾಯವಾಗುತ್ತಿತ್ತು. ಕಸದ ಗುಂಡಿ ಮುಚ್ಚಿ, ಊಟ ಹಾಕುವುದನ್ನು ನಿಲ್ಲಿಸಿದ ಮೇಲೆ ಈಗ ವರ್ಷಕ್ಕೆ ಸುಮಾರು ಒಂದು.

ಗೈಡ್ ಆರಿಸುವಾಗ ಫೋನಿನಲ್ಲಿ ಏನು ಕೇಳಬೇಕು? ಪಾರ್ಕಿನ ವ್ಯಾಪಾರಿ ಪರವಾನಗಿ ಇದೆಯಾ ಅಂತ ಕೇಳಿ. ಕಾಡಿನ ಪ್ರಥಮ ಚಿಕಿತ್ಸೆಯ ತರಬೇತಿ ಯಾವ ಮಟ್ಟದ್ದು ಅಂತ ಕೇಳಿ. ವೈಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್ ಅನ್ನುವುದು 70-80 ಗಂಟೆಗಳ ಕೋರ್ಸ್, ಅದಿದ್ದರೆ ಒಳ್ಳೆಯದು. ಆಮೇಲೆ ಈ ಎರಡು ಪ್ರಶ್ನೆ. ಒಂದು: ತೋಳ ಹತ್ತಿರದಿಂದ ತೋರಿಸ್ತೀರಾ? ಖಂಡಿತ ತೋರಿಸ್ತೀವಿ ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಎರಡು: ತೋಳ ಬಂದ ಮೇಲೆ ನದಿಯ ದಾರಿಯೇ ಬದಲಾಯಿತಂತೆ, ಹೌದಾ? ಆ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ. ವಿಜ್ಞಾನಿಗಳಲ್ಲಿ ಇದು ಇನ್ನೂ ಚರ್ಚೆಯಲ್ಲಿದೆ. ಉತ್ತರ ಯೆಲ್ಲೊಸ್ಟೋನ್‌ನ ತೊರೆಗಳ ಪಕ್ಕ ಇಪ್ಪತ್ತು ವರ್ಷ ನಡೆಸಿದ ಪ್ರಯೋಗವೊಂದರ ಫಲಿತಾಂಶ ವಿಡಿಯೊದಷ್ಟು ಸುಂದರವಾಗಿಲ್ಲ. ಸ್ವಲ್ಪ ತಡವರಿಸಿ, ಅದು ಅಷ್ಟು ಸರಳ ಅಲ್ಲ ಅಂತ ಉತ್ತರ ಕೊಡುವ ಗೈಡ್ ಸಿಕ್ಕರೆ ಬಿಡಬೇಡಿ.

ನಮ್ಮ ಅಪ್ಪ ಬಂದಾಗ ಇಂಥ ಒಬ್ಬರು ಸಿಕ್ಕಿದ್ದರು. ಬೆಳಗ್ಗೆ ನಾಲ್ಕಕ್ಕೆ ಎದ್ದು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು, ಎರಡು ಗಂಟೆ ಕುರ್ಚಿಯಲ್ಲಿ ಕೂತರೂ ಗುಡ್ಡ ಬಿಟ್ಟು ಏನೂ ಕಾಣಲಿಲ್ಲ. ಇಷ್ಟು ದೂರ ಬಂದು ಇಷ್ಟು ದುಡ್ಡು ಕೊಟ್ಟು ಹುಲ್ಲು ನೋಡ್ತಿದ್ದೀವಾ ಅಂತ ಅಪ್ಪ ಕನ್ನಡದಲ್ಲಿ ಗೊಣಗಿದರು. ಗೈಡ್‌ಗೆ ಭಾಷೆ ಗೊತ್ತಿಲ್ಲದಿದ್ದರೂ ಧಾಟಿ ಅರ್ಥವಾಗಿ ನಕ್ಕರು. ಆಮೇಲೆ ಎದುರಿನ ಗುಡ್ಡದ ಮೇಲೆ ರೇವನ್‌ಗಳು ಇಳಿದವು. ಸ್ಕೋಪಿಗೆ ಕಣ್ಣಿಟ್ಟ ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಸರದಿಗೆ ಕಾಯ್ತಾ ನಿಂತಿದ್ದ ಅಮ್ಮ, ಏನ್ರೀ ಕಾಣ್ತಿದೆ ಅಂತ ಎರಡು ಸಲ ಕೇಳಿದರು. ನಾಲ್ಕು ಮರಿ, ಅಂದರು ಅಪ್ಪ, ತಾಯಿ ಬಾಲ ಕಚ್ತಾ ಇವೆ. ಬರಿಗಣ್ಣಿಗೆ ಆ ಜಾಗದಲ್ಲಿ ನಮಗೆ ಒಂದು ಚುಕ್ಕೆಯೂ ಕಾಣುತ್ತಿರಲಿಲ್ಲ. ತೋಳಗಳು ತಲೆ ಎತ್ತಿ ನಮ್ಮ ಕಡೆ ಒಮ್ಮೆಯೂ ನೋಡಲಿಲ್ಲ.

ಟೆಕ್ಸಾಸ್‌ನ ಕೇಳುಗರೇ, ಹೋಗಿ ಬಂದ ಮೇಲೆ ನಮಗೆ ಬರೆಯಿರಿ. ಅಪ್ಪನಿಗೆ ಮಡಚುವ ಕುರ್ಚಿ ಮರೀಬೇಡಿ.